ಮೀನಿಗಿಂತ ಮೊದಲು ನೆಲ ನೋಡಿ

ರಾತ್ರಿ ಎರಡು ಗಂಟೆ ಇರಬೇಕು. ಅಮ್ಮ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು: "ಏಳೋ, ನಲ್ಲಿ ಬಂದೈತೆ ಕಣೋ!" ಕೋಲಾರದಲ್ಲಿ ಹುಟ್ಟಿದವರಿಗೆ ಈ ಮಾತಿನ ಬೆಲೆ ಗೊತ್ತು. ನೀರು ಯಾವ ಹೊತ್ತಿಗೆ ಬಂದರೂ ಎದ್ದು ಬಿಂದಿಗೆ ಸಾಲು ಹಚ್ಚಬೇಕು. ಬಿಂದಿಗೆ ಹಿಡಿದು ಹೋಗಿ ನೋಡಿದರೆ ನಲ್ಲಿ ಒಣಗಿಕೊಂಡೇ ಇತ್ತು. ಸದ್ದು ಹಾಲ್‌ನಿಂದ ಬರುತ್ತಿತ್ತು. ನಾಲ್ಕು ಅಡಿಯ ನನ್ನ ಮೀನಿನ ತೊಟ್ಟಿ ಬಲಮೂಲೆಯ ಅಂಟಿನಲ್ಲಿ ಬಿರಿದು, ನೀರು ಸಣ್ಣ ಧಾರೆಯಾಗಿ ನೆಲಕ್ಕೆ ಬೀಳುತ್ತಿತ್ತು. ತಂದಿದ್ದ ಬಿಂದಿಗೆಗಳು ಬೇರೆ ಕೆಲಸಕ್ಕೆ ಬಂದವು.

ತಪ್ಪು ಅಂಗಡಿಯವನದಲ್ಲ, ನನ್ನದೇ. ನಮ್ಮ ಕಡೆ ನೆಲ ತೊಳೆದ ನೀರು ಹೊರಗೆ ಹೋಗಲಿ ಎಂದು ಮೇಸ್ತ್ರಿಗಳು ಹಾಲ್‌ಗೆ ಬಾಗಿಲ ಕಡೆಗೆ ಸ್ವಲ್ಪ ವಾಟ ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣದ ಇಳಿಜಾರು ಅದು. ಸ್ಟ್ಯಾಂಡು ಅಲ್ಲಾಡುತ್ತದೆಂದು ನಾನು ಒಂದು ಕಾಲಿನ ಕೆಳಗೆ ರಟ್ಟು ಮಡಚಿ ಸಿಕ್ಕಿಸಿದ್ದೆ. ದಿನ ಕಳೆದಂತೆ ರಟ್ಟು ತೇವಕ್ಕೆ ಮೆತ್ತಗಾಯಿತು, ಆ ಕಾಲು ಕುಸಿಯಿತು, ಇಡೀ ತೊಟ್ಟಿಗೆ ತಿರುಚು ಬಿತ್ತು. ಗಾಜು ಭಾರವನ್ನು ತಡೆಯುತ್ತದೆ, ತಿರುಚನ್ನು ತಡೆಯುವುದಿಲ್ಲ.

ಈಗ ನಮ್ಮ ಜಿಲ್ಲೆಯಲ್ಲೂ ದೊಡ್ಡ ತೊಟ್ಟಿಗಳ ಆಸೆ ಹೆಚ್ಚಾಗಿದೆ. ಹೊಸ ಮನೆ ಕಟ್ಟಿಸಿದವರು ಟಿವಿ ಗೋಡೆಯ ಪಕ್ಕ ಆರು ಅಡಿ ಜಾಗ ಬಿಟ್ಟು, ಅಳತೆ ಕೊಟ್ಟು ಮಾಡಿಸುತ್ತಾರೆ. ಹತ್ತರಲ್ಲಿ ಒಂಬತ್ತು ಜನ ಮೊದಲು ಕೇಳುವುದು "ಯಾವ ಮೀನು ಬಿಡಲಿ?" ಎಂದು. ಅದು ಕೊನೆಯ ಪ್ರಶ್ನೆ. ಮೊದಲು ನೆಲ, ಆಮೇಲೆ ಸ್ಟ್ಯಾಂಡು, ಆಮೇಲೆ ಗಾಜು, ಆಮೇಲೆ ನಿಮ್ಮ ಬೋರಿನ ನೀರು. ಮೀನಿನ ಸರದಿ ಇವೆಲ್ಲ ಮುಗಿದ ಮೇಲೆ.

ಅರವತ್ತೈದು ಟೊಮೆಟೊ ಬಾಕ್ಸು

ಲೆಕ್ಕ ಸುಲಭ. ಒಂದು ಲೀಟರ್ ನೀರು ಒಂದು ಕೆಜಿ. ಒಂದು ಘನ ಅಡಿಗೆ 28 ಲೀಟರ್ ಹಿಡಿಯುತ್ತದೆ. ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ ಎಂದರೆ 24 ಘನ ಅಡಿ, ಹತ್ತಿರ ಹತ್ತಿರ 680 ಲೀಟರ್. ಮೇಲೆ ಎರಡು ಇಂಚು ಬಿಟ್ಟು ತುಂಬಿದರೂ 620 ಕೆಜಿ ನೀರು. 12 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 30 ಕೆಜಿ ತೂಗುತ್ತದೆ; ಈ ತೊಟ್ಟಿಗೆ 120 ಕೆಜಿ ಗಾಜು ಬೇಕು. ಮರಳು, ಕಲ್ಲು, ಕಬ್ಬಿಣದ ಸ್ಟ್ಯಾಂಡು ಸೇರಿಸಿದರೆ ಒಂದು ಟನ್ನಿಗೆ ಸ್ವಲ್ಪ ಕಡಿಮೆ.

ಒಂದು ಟನ್ ಎಂದರೆ ತಲೆಗೆ ಹೋಗುವುದಿಲ್ಲ. ಹೀಗೆ ಯೋಚಿಸಿ. ಕೋಲಾರ ಎಪಿಎಂಸಿಯಲ್ಲಿ ಹರಾಜಾಗುವ 15 ಕೆಜಿಯ ಟೊಮೆಟೊ ಬಾಕ್ಸುಗಳಲ್ಲಿ ಅರವತ್ತೈದನ್ನು ತಂದು ದಿವಾನ್ ಕಾಟಿನಷ್ಟು ಜಾಗದಲ್ಲಿ ಒಂದರ ಮೇಲೊಂದು ಪೇರಿಸಿ, ವರ್ಷಗಟ್ಟಲೆ ತೆಗೆಯದೆ ಬಿಟ್ಟಂತೆ. ಆ ಪೇರಿಕೆಯನ್ನು ನೀವು ಮಹಡಿಯ ಹಾಲ್‌ನ ನಡುವೆ ಇಡುತ್ತೀರಾ?

ಮನೆಯ ಕೋಣೆಗಳ ಮೋಲ್ಡನ್ನು ಲೆಕ್ಕ ಹಾಕುವಾಗ ಎಂಜಿನಿಯರುಗಳು ಹಿಡಿಯುವ ಓಡಾಟದ ಭಾರ, ಭಾರತೀಯ ಮಾನಕ 875ರ ಎರಡನೇ ಭಾಗದ ಪ್ರಕಾರ, ಚದರ ಮೀಟರಿಗೆ ಸುಮಾರು 200 ಕೆಜಿ. ನಮ್ಮ ಆರಡಿ ತೊಟ್ಟಿ ತನ್ನ ಕೆಳಗಿನ ಜಾಗದ ಮೇಲೆ ಚದರ ಮೀಟರಿಗೆ 850 ಕೆಜಿ ಹೇರುತ್ತದೆ. ಇದರರ್ಥ ಮೋಲ್ಡು ನಾಳೆಯೇ ಬೀಳುತ್ತದೆ ಎಂದಲ್ಲ. ಕೋಣೆಯ ಉಳಿದ ಜಾಗ ಖಾಲಿಯಿರುತ್ತದೆ, ಸಲಾಕೆ ಹಾಕಿದ ಕಾಂಕ್ರೀಟು ಭಾರವನ್ನು ಅಕ್ಕಪಕ್ಕಕ್ಕೆ ಹಂಚುತ್ತದೆ. ಆದರೆ ಕೋಣೆಯ ಮಧ್ಯದಲ್ಲಿ ಇಟ್ಟ ಭಾರ ಮೋಲ್ಡನ್ನು ಬಗ್ಗಿಸುತ್ತದೆ. ಕೆಳಮನೆಯ ಗೋಡೆಗೋ ತೊಲೆಗೋ ನೇರ ಮೇಲೆ ಇಟ್ಟದ್ದು ಸಲೀಸಾಗಿ ಬುನಾದಿಗೆ ಇಳಿಯುತ್ತದೆ. ಮಹಡಿಯಲ್ಲೇ ಬೇಕೆಂದು ಹಟವಿದ್ದರೆ, ಕೆಳಗೆ ಗೋಡೆ ಎಲ್ಲಿದೆ ನೋಡಿ, ಅದರ ಉದ್ದಕ್ಕೇ ತೊಟ್ಟಿಯ ಉದ್ದ ಬರಲಿ. ನಾಲ್ಕು ಅಡಿ ದಾಟಿದ ತೊಟ್ಟಿಗೆ ಮನೆಯ ನಕ್ಷೆ ಹಿಡಿದು ಒಬ್ಬ ಸಿವಿಲ್ ಎಂಜಿನಿಯರನ್ನು ಕೇಳಿ. ಬಾಲ್ಕನಿ, ಸಜ್ಜೆ, ಮೆಟ್ಟಿಲಿನ ತಿರುವು, ಇವುಗಳಿಗೆ ಎಂಜಿನಿಯರನ್ನು ಕೇಳುವ ಅಗತ್ಯವೂ ಇಲ್ಲ: ಬೇಡ.

ಮುಳಬಾಗಿಲು, ಶ್ರೀನಿವಾಸಪುರದ ಹಳೆಯ ಬೀದಿಗಳಲ್ಲಿ ಇನ್ನೂ ಕಲ್ಲುಚಪ್ಪಡಿ ಹಾಸಿದ ಮಾಳಿಗೆ ಮನೆಗಳಿವೆ. ಕೆಲವರು ಆ ಮಾಳಿಗೆಯ ಮೇಲೆ ಕೋಣೆ ಎಬ್ಬಿಸಿರುತ್ತಾರೆ. ಕಲ್ಲು ಒತ್ತಡ ತಡೆಯುವುದರಲ್ಲಿ ಗಟ್ಟಿ, ಬಾಗುವುದರಲ್ಲಿ ತೀರಾ ದುರ್ಬಲ. ಕಾಂಕ್ರೀಟು ಮುರಿಯುವ ಮೊದಲು ಬಿರುಕು ಬಿಟ್ಟು ಹೇಳುತ್ತದೆ, ಒಳಗಿನ ಕಬ್ಬಿಣ ಎಳೆದು ಹಿಡಿಯುತ್ತದೆ. ಚಪ್ಪಡಿ ಒಂದು ಮಾತೂ ಆಡದೆ ಎರಡು ತುಂಡಾಗುತ್ತದೆ. ಅಂಥ ಮಾಳಿಗೆಯ ಮೇಲೆ ಮೂರಡಿ ತೊಟ್ಟಿಯೂ ಬೇಡ.

ಈಶಾನ್ಯದ ಮೂಲೆ

ನೆಲಮಹಡಿಯೇ ಸರಿ ಎಂದು ಒಪ್ಪಿದಿರಿ. ತೊಟ್ಟಿ ಎಲ್ಲಿ? ವಾಸ್ತು ಹೇಳುವವರು ಈಶಾನ್ಯ ಎನ್ನುತ್ತಾರೆ, ನೀರಿನ ದಿಕ್ಕು ಎಂದು. ನನಗೆ ಅದರಲ್ಲಿ ನಂಬಿಕೆಯೂ ಇಲ್ಲ, ಜಗಳವೂ ಇಲ್ಲ. ಆದರೆ ಒಂದು ಎಚ್ಚರಿಕೆ. ಅದೇ ವಾಸ್ತು ಪ್ರಕಾರ ಮನೆಯ ಸಂಪನ್ನೂ ಈಶಾನ್ಯದಲ್ಲೇ ತೋಡಿಸಿರುತ್ತಾರೆ! ಮೂವತ್ತು-ನಲವತ್ತರ ಸೈಟಿನಲ್ಲಿ ಜಾಗ ಸಾಲದೆ ಸಂಪು ಅರ್ಧ ಪೋರ್ಟಿಕೋದ ಕೆಳಗೆ, ಅರ್ಧ ಹಾಲ್‌ನ ಕೆಳಗೆ ಬಂದಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮೇಲೆ ಟೈಲ್ಸ್ ಹಾಕಿ ಮುಚ್ಚಿದ ಮೇಲೆ ಮನೆಯವರಿಗೇ ಅದರ ಅಂಚು ನೆನಪಿರುವುದಿಲ್ಲ. ಅಲ್ಲಿ ತೊಟ್ಟಿ ಇಟ್ಟರೆ ನೀವು ಇಟ್ಟಿರುವುದು ನೆಲದ ಮೇಲಲ್ಲ, ನಾಲ್ಕು ಇಂಚಿನ ಮುಚ್ಚಳದ ಮೇಲೆ. ಅದರ ಕೆಳಗೆ ಖಾಲಿ ಗುಂಡಿ. ಸಂಪಿನ ಬಾಯಿ ತೆಗೆದು ಟಾರ್ಚ್ ಬಿಟ್ಟು ಅದು ಯಾವ ಕಡೆಗೆ ಎಷ್ಟು ದೂರ ಹೋಗಿದೆ ಎಂದು ಮೊದಲು ನೋಡಿ. ಇಂಗುಗುಂಡಿಗೂ ಇದೇ ಮಾತು.

ಹೊಸ ಬಡಾವಣೆಗಳಲ್ಲಿ ಇನ್ನೊಂದು ತೊಂದರೆ ಇದೆ. ಬುನಾದಿಯ ಒಳಗೆ ಮಣ್ಣು ತುಂಬಿ ಸರಿಯಾಗಿ ದಮ್ಮಸ್ ಮಾಡದೆ ಬೆಡ್ ಹಾಕಿದ್ದರೆ, ಎರಡು ಮಳೆಗಾಲ ಕಳೆಯುವುದರೊಳಗೆ ಮಣ್ಣು ಕೂರುತ್ತದೆ, ಟೈಲ್ಸ್ ಕೆಳಗೆ ಟೊಳ್ಳಾಗುತ್ತದೆ. ಒಂದು ನಾಣ್ಯ ತೆಗೆದುಕೊಂಡು ಟೈಲ್ಸ್ ಮೇಲೆ ಕುಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ, ಮಡಕೆಯ ಸದ್ದು ಬಂದರೆ ಆ ಜಾಗ ಬಿಡಿ. ಪಡುವಣದ ಬಿಸಿಲು ನೇರ ಬೀಳುವ ಕಿಟಕಿಯ ಎದುರು ಕೂಡ ಬೇಡ. ಪಾಚಿ ಉಜ್ಜುವುದರಲ್ಲೇ ಆಯುಸ್ಸು ಮುಗಿಯುತ್ತದೆ.

ಸ್ಟ್ಯಾಂಡಿಗೆ ನಮ್ಮ ಊರಿನ ಕಲ್ಲು

ಸ್ಟ್ಯಾಂಡಿನ ವಿಷಯದಲ್ಲಿ ಕೋಲಾರದವರು ಅದೃಷ್ಟವಂತರು. ಬೆಂಗಳೂರಿನವರು ಸಾವಿರಾರು ರೂಪಾಯಿ ಕೊಟ್ಟು ಕ್ಯಾಬಿನೆಟ್ ತರುತ್ತಾರೆ; ಅದರೊಳಗೆ ಪಾರ್ಟಿಕಲ್ ಬೋರ್ಡ್ ಇದ್ದರೆ ಒಂದೇ ಸಲ ನೀರು ಚೆಲ್ಲಿದರೂ ಉಬ್ಬಿ ಪುಡಿಯಾಗುತ್ತದೆ. ನಮಗೆ ಕಲ್ಲಿದೆ. ಮಾಲೂರು ತಾಲ್ಲೂಕಿನ ಟೇಕಲ್ ಕಡೆ ಕಲ್ಲು ಸೀಳುವವರಿದ್ದಾರೆ, ಮಾಲೂರಿನಲ್ಲೇ ಇಟ್ಟಿಗೆ ಹೆಂಚಿನ ಕಾರ್ಖಾನೆಗಳಿವೆ. ದ್ರಾಕ್ಷಿ ತೋಟಕ್ಕೆ ಕಲ್ಲುಕೂಚ ನೆಡುವ ಜಿಲ್ಲೆ ನಮ್ಮದು.

ನನ್ನ ಈಗಿನ ಆರಡಿ ತೊಟ್ಟಿ ಕೂತಿರುವುದು ಹೀಗೆ. ಆರು ಇಂಚಿನ ಸಾಲಿಡ್ ಬ್ಲಾಕಿನ ಮೂರು ಮೋಟುಗೋಡೆ, ಎರಡು ತುದಿಗೆ ಎರಡು, ನಡುವೆ ಒಂದು. ಎತ್ತರ ಎರಡೂವರೆ ಅಡಿ. ಮೇಲೆ ಮೂರು ಇಂಚು ದಪ್ಪದ ಚಪ್ಪಡಿಯನ್ನು ಸಿಮೆಂಟ್ ಗಾರೆಯ ಹಾಸಿನ ಮೇಲೆ ಕೂರಿಸಿದ್ದೇನೆ. ನಡುವಿನ ಗೋಡೆಯ ಖರ್ಚು ಉಳಿಸಲು ಹೋಗಬೇಡಿ. ಅದಿದ್ದರೆ ಚಪ್ಪಡಿ ಎರಡೆರಡು ಅಡಿ ಚಿಲ್ಲರೆ ಹಾರಬೇಕು, ಇಲ್ಲದಿದ್ದರೆ ಐದು ಅಡಿ. ಕಲ್ಲು ಬಾಗಲಾರದು ಎಂದು ಆಗಲೇ ಹೇಳಿದೆ. ಅಡುಗೆಮನೆ ಕಟ್ಟೆಗೆ ಹಾಕುವ ಪಾಲಿಶ್ ಗ್ರಾನೈಟು ಮುಕ್ಕಾಲು ಇಂಚು ಮಾತ್ರ ಇರುತ್ತದೆ. ಅದು ಅಂದಕ್ಕೆ ಚಪ್ಪಡಿಯ ಮೇಲೆ ಹಾಸಲು ಸರಿ, ಭಾರ ಹೊರಲು ಅಲ್ಲ.

ಮೇಸ್ತ್ರಿ ನಕ್ಕಿದ್ದ. "ಏನಣ್ಣಾ, ಗುಡಿ ಕಟ್ಟಿಸ್ತಿದ್ದೀರೋ, ಮೀನು ಸಾಕ್ತಿದ್ದೀರೋ?" ಎಂದ. ರಸಮಟ್ಟ ಇಟ್ಟು ನೋಡಿ ಸರಿ ಎಂದ. ನನಗೆ ತೃಪ್ತಿಯಾಗಲಿಲ್ಲ. ಒಂದಡಿಯ ರಸಮಟ್ಟ ಆರು ಅಡಿಯ ತಪ್ಪನ್ನು ಹಿಡಿಯುವುದಿಲ್ಲ. ಟ್ಯೂಬಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿದು ನೋಡಿದಾಗ ಎಡಕ್ಕೂ ಬಲಕ್ಕೂ ಮೂರು ಮಿಲಿಮೀಟರ್ ವ್ಯತ್ಯಾಸ ಕಂಡಿತು. ಗಾರೆ ಹಸಿಯಿದ್ದಾಗಲೇ ಸರಿಮಾಡಿಸಿದೆ. ಉದ್ದಕ್ಕೆ, ಅಡ್ಡಕ್ಕೆ ನೋಡಿದರೆ ಸಾಲದು, ಮೂಲೆಯಿಂದ ಮೂಲೆಗೆ ದಾರ ಎಳೆದು ಕೂಡ ನೋಡಬೇಕು. ತಿರುಚು ಕಾಣುವುದು ಅಲ್ಲೇ.

ಕಬ್ಬಿಣದ ಸ್ಟ್ಯಾಂಡೇ ಬೇಕೆನ್ನುವವರು ಎರಡು ಇಂಚಿನ ಚೌಕ ಪೈಪಿನಲ್ಲಿ ಮಾಡಿಸಿ. ಆರು ಅಡಿಗೆ ಆರು ಕಾಲು ಇರಲಿ. ಕಾಲುಗಳು ಮೇಲಿನ ಚೌಕಟ್ಟಿಗೆ ನೇರ ಕೆಳಗೆ ನಿಲ್ಲಬೇಕು, ಪಕ್ಕಕ್ಕೆ ವೆಲ್ಡ್ ಹೊಡೆದು ತೂಗುಹಾಕಿದಂತೆ ಇರಬಾರದು. ಕಾಲುಗಳ ತುದಿಯಲ್ಲಿ ಪಟ್ಟಿಯ ಚೌಕಟ್ಟು ಇಲ್ಲದಿದ್ದರೆ ಟನ್ನಿನ ಭಾರ ಆರು ಪುಟ್ಟ ಚೌಕಗಳ ಮೂಲಕ ಟೈಲ್ಸಿನ ಮೇಲೆ ಇಳಿಯುತ್ತದೆ, ಒಂದಲ್ಲ ಒಂದು ಟೈಲ್ಸ್ ಚಟ್ ಎನ್ನುತ್ತದೆ. ಚೌಕಟ್ಟಿನ ಮೇಲೆ ಮುಕ್ಕಾಲು ಇಂಚಿನ ಮರೈನ್ ಪ್ಲೈವುಡ್ ಬೇಕು. ಕಲ್ಲಾಗಲಿ ಕಬ್ಬಿಣವಾಗಲಿ, ತೊಟ್ಟಿಯ ತಳಕ್ಕೂ ಅದಕ್ಕೂ ನಡುವೆ ಅರ್ಧ ಇಂಚಿನ ಥರ್ಮಾಕೋಲ್ ಹಾಳೆ ಇರಲೇಬೇಕು. ಒಂದು ಮರಳಿನ ಕಾಳು ಉಳಿದರೂ ಆ ಒಂದು ಚುಕ್ಕೆಯ ಮೇಲೆ ಗಾಜು ಕೂತುಬಿಡುತ್ತದೆ. ಥರ್ಮಾಕೋಲು ಅದನ್ನು ನುಂಗಿಕೊಳ್ಳುತ್ತದೆ, ಆದರೆ ಓರೆಯನ್ನು ನುಂಗುವುದಿಲ್ಲ.

ಗಾಜು: ಉದ್ದಕ್ಕಿಂತ ಎತ್ತರ ಅಪಾಯ

ತೊಟ್ಟಿ ಉದ್ದವಾದಷ್ಟೂ ಗಾಜಿಗೆ ಕಷ್ಟ ಎಂದು ಜನ ತಿಳಿದಿದ್ದಾರೆ. ನೀರಿನ ಒತ್ತಡ ಕೇಳುವುದು ಆಳವನ್ನು. ಆರಡಿ ತೊಟ್ಟಿಯಲ್ಲಿ ಎರಡಡಿ ನೀರಿದ್ದರೆ ಮುಂದಿನ ಗಾಜನ್ನು ಹೊರಕ್ಕೆ ತಳ್ಳುವ ಬಲ ಸುಮಾರು 340 ಕೆಜಿ. ಎತ್ತರವನ್ನು ಎರಡೂವರೆ ಅಡಿಗೆ ಏರಿಸಿ, ಅದು 530 ಕೆಜಿ ದಾಟುತ್ತದೆ. ಅರ್ಧ ಅಡಿಗೆ ಅರ್ಧಕ್ಕಿಂತ ಹೆಚ್ಚು ಬಲ! ಎತ್ತರದ ತೊಟ್ಟಿಯ ತಳಕ್ಕೆ ಕೈ ಎಟುಕುವುದೂ ಇಲ್ಲ. ಹಣವಿದ್ದರೆ ಅಗಲಕ್ಕೆ ಹಾಕಿ. ಎರಡೂವರೆ ಅಡಿ ಅಗಲದ ತೊಟ್ಟಿಯಲ್ಲಿ ಮೀನು ತಿರುಗಿ ಈಜುವ ಚಂದವೇ ಬೇರೆ, ಅಗಲದಿಂದ ಗಾಜಿನ ಮೇಲಿನ ಒತ್ತಡವೂ ಏರುವುದಿಲ್ಲ. ಆದರೆ ನೆಲದ ಮೇಲಿನ ಒಟ್ಟು ಭಾರ ಏರುತ್ತದೆ, ಅದನ್ನು ಮರೆಯಬೇಡಿ.

ಆರು, ಎರಡು, ಎರಡು ಅಳತೆಗೆ 12 ಮಿ.ಮೀ. ಗಾಜು, ಮೇಲಂಚಿಗೆ ಸುತ್ತ ಗಾಜಿನ ಪಟ್ಟಿ, ನಡುವೆ ಒಂದು ಅಡ್ಡಪಟ್ಟಿ. ಈ ಪಟ್ಟಿಗಳಿಲ್ಲದ ತೊಟ್ಟಿ ಚಿತ್ರದಲ್ಲಿ ಚಂದ. ಹಾಗೇ ಬೇಕೆಂದರೆ ಗಾಜಿನ ದಪ್ಪ 15ಕ್ಕೋ 19ಕ್ಕೋ ಹೋಗಬೇಕು. ಪಟ್ಟಿ ಬೇಡ, ದಪ್ಪವೂ ಬೇಡ ಎನ್ನುವ ಗಿರಾಕಿಗೆ ಒಪ್ಪಿಕೊಳ್ಳುವ ಅಂಗಡಿಯಿಂದ ಎದ್ದು ಬನ್ನಿ. ಗೋಡೆಯ ಗಾಜುಗಳು ತಳದ ಗಾಜಿನ ಮೇಲೆ ನಿಂತಿರಲಿ. ಅಂಟಿಗೆ ವಿನಿಗರ್ ವಾಸನೆ ಬರುವ ಸಾಮಾನ್ಯ ಸಿಲಿಕೋನ್. ಬಚ್ಚಲುಮನೆಗೆಂದು ಬೂಸುನಿರೋಧಕ ಸೇರಿಸಿ ಮಾರುವುದು ಮೀನಿಗೆ ವಿಷ. ಟಫನ್ಡ್ ಗಾಜಿಗೆ ಆಮೇಲೆ ತೂತು ಕೊರೆಯಲು ಬರುವುದಿಲ್ಲ, ಒಡೆದರೆ ಒಂದೇ ಸಲಕ್ಕೆ ಪುಡಿಯಾಗುತ್ತದೆ. ಆದ್ದರಿಂದ ಪೈಪಿನ ತೂತುಗಳೆಲ್ಲ ಮೊದಲೇ ತೀರ್ಮಾನವಾಗಲಿ. ಅಂಟಿಸಿದ ಮೇಲೆ ಒಂದು ವಾರ ಸುಮ್ಮನೆ ಬಿಡಿ.

2022ರ ಡಿಸೆಂಬರ್ 16ರ ಬೆಳಗ್ಗೆ ಬರ್ಲಿನ್ನಿನ ಹೋಟೆಲೊಂದರಲ್ಲಿದ್ದ ಹತ್ತು ಲಕ್ಷ ಲೀಟರಿನ ಆಕ್ವಾಡೋಮ್ ಒಡೆದು ಬೀದಿಗೆ ಹರಿದದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಅದು ಅಕ್ರಿಲಿಕ್ ಗೋಪುರ. ನಮ್ಮ ಮನೆಯ ಗಾಜಿನ ತೊಟ್ಟಿಗೂ ಅದಕ್ಕೂ ಹೋಲಿಕೆ ಕಡಿಮೆ. ಆದರೂ ಅವತ್ತು ಸಂಜೆ ನಾನು ನನ್ನ ತೊಟ್ಟಿಯ ನಾಲ್ಕೂ ಮೂಲೆಗೆ ಬೆರಳಾಡಿಸಿ ನೋಡಿದೆ.

ಕರೆಂಟ್ ಹೋದಾಗ

ದೊಡ್ಡ ತೊಟ್ಟಿಗೆ ಕೆಳಗೊಂದು ಶೋಧಕ ತೊಟ್ಟಿ ಇಟ್ಟು, ಮೇಲಿನ ನೀರು ಅಲ್ಲಿಗೆ ಇಳಿದು, ಪಂಪಿನಿಂದ ಮತ್ತೆ ಏರುವಂತೆ ಮಾಡುತ್ತಾರೆ. ಇದನ್ನೂ ಸಂಪ್ ಎಂದೇ ಕರೆಯುತ್ತಾರೆ. ಗೊಂದಲ ಬೇಡವೆಂದು ಕೆಳತೊಟ್ಟಿ ಅನ್ನೋಣ. ಕರೆಂಟ್ ಹೋದ ಕ್ಷಣ ಪಂಪು ನಿಲ್ಲುತ್ತದೆ, ಮೇಲಿನ ನೀರು ಮಾತ್ರ ತನ್ನ ಪಾಡಿಗೆ ಇಳಿಯುತ್ತಿರುತ್ತದೆ. ಆರಡಿ ತೊಟ್ಟಿಯ ಮೈ 12 ಚದರ ಅಡಿ. ಒಂದು ಇಂಚು ಇಳಿದರೆ 28 ಲೀಟರ್. ಒಂದೂವರೆ ಇಂಚು ಇಳಿದರೆ 42 ಲೀಟರ್. ಅದನ್ನು ಹಿಡಿಯಲು ಕೆಳತೊಟ್ಟಿಯಲ್ಲಿ ಐದಾರು ಇಂಚು ಯಾವಾಗಲೂ ಖಾಲಿ ಇರಬೇಕು. ನೀರು ಏರಿಸುವ ಪೈಪಿನ ಬಾಯಿ ನೀರಿನೊಳಗೆ ಆಳಕ್ಕೆ ಮುಳುಗಿದ್ದರೆ ಅದೂ ಹಿಂದಕ್ಕೆ ಎಳೆಯುತ್ತದೆ; ನೀರಿನ ಮಟ್ಟದ ಸ್ವಲ್ಪ ಕೆಳಗೆ ಆ ಪೈಪಿಗೊಂದು ಸಣ್ಣ ತೂತು ಮಾಡಿ, ಗಾಳಿ ನುಗ್ಗಿ ಎಳೆತ ಕಡಿಯುತ್ತದೆ. ತೊಟ್ಟಿ ತುಂಬಿದ ದಿನವೇ ಹತ್ತು ಸಲ ಸ್ವಿಚ್ ಆರಿಸಿ ನೋಡಿ. ಬೆಸ್ಕಾಂನವರು ಹನ್ನೊಂದನೆಯ ಸಲ ನೋಡುತ್ತಾರೆ.

ಏರೇಟರನ್ನಷ್ಟೇ ಇನ್ವರ್ಟರಿಗೆ ಕೊಡಿ, ಸಾಕು. ಪ್ಲಗ್ಗಿಗೆ ಹೋಗುವ ವೈರು ಮೊದಲು ಕೆಳಗೆ ಜೋತು ಆಮೇಲೆ ಮೇಲೇರಲಿ, ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಆ ಲೈನಿಗೆ ಆರ್‌ಸಿಸಿಬಿ ಇಲ್ಲದೆ ನೀರಿಗೆ ಕೈ ಹಾಕಬೇಡಿ.

ಬೋರಿನ ನೀರಿಗೆ ತಕ್ಕ ಮೀನು

ಸಾವಿರ ಅಡಿ ದಾಟಿದ ಬೋರಿನ ನೀರು ನಮ್ಮದು. ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದು ಯಾವ ಮನೆಗೂ ಹೊಸದಲ್ಲ. ಅಂಗಡಿಯಲ್ಲಿ ಡಿಸ್ಕಸ್, ಕಾರ್ಡಿನಲ್ ಟೆಟ್ರಾ ನೋಡಿ ಮನಸೋಲುವವರು ಒಂದು ತಿಳಿಯಬೇಕು: ಅವು ಅಮೆಜಾನಿನ ಮೆದು ನೀರಿನವು. ಅವುಗಳಿಗಾಗಿ 600 ಲೀಟರ್ ಆರ್‌ಒ ನೀರನ್ನು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ಹೊರುವುದು ಹುಚ್ಚು. ಆಫ್ರಿಕಾದ ಮಲಾವಿ, ಟಾಂಗನೀಕಾ ಸರೋವರಗಳ ಸಿಕ್ಲಿಡ್ ಮೀನುಗಳಿಗೆ ಗಡಸು ನೀರೇ ತವರು. ಹಳದಿ, ನೀಲಿ, ಬಣ್ಣಕ್ಕೂ ಕೊರತೆಯಿಲ್ಲ. ಗಪ್ಪಿ, ಮಾಲಿಗಳಿಗೂ ನಮ್ಮ ನೀರು ಒಗ್ಗುತ್ತದೆ. ಟಿಡಿಎಸ್ ಮೀಟರೂ ಪಿಎಚ್ ಕಿಟ್ಟೂ ಒಂದೊಂದು ಇರಲಿ, ಅಂಗಡಿಗೆ ಹೋಗುವ ಮೊದಲು ಅಳೆದುಕೊಂಡು ಹೋಗಿ.

ಬೋರಿನಿಂದ ನೇರ ತುಂಬಬೇಡಿ. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಡ್ರಮ್ಮಿನಲ್ಲಿ ತುಂಬಿ ಒಂದು ರಾತ್ರಿ ಗಾಳಿ ಆಡಿಸಿ. 2023ರಲ್ಲಿ ಉದ್ಘಾಟನೆಯಾದ ಯರಗೋಳ್ ಅಣೆಕಟ್ಟೆಯ ನೀರು ನಲ್ಲಿಯಲ್ಲಿ ಬರುವ ಕೋಲಾರ, ಮಾಲೂರು, ಬಂಗಾರಪೇಟೆಯ ಮನೆಗಳಲ್ಲಿ ಕ್ಲೋರಿನ್ ಇದ್ದೇ ಇರುತ್ತದೆ, ಅದಕ್ಕೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿ. ಬೇಸಿಗೆಯಲ್ಲಿ ಆವಿಯಾದಷ್ಟು ನೀರನ್ನು ಮಾತ್ರ ಆರ್‌ಒ ನೀರಿನಿಂದ ತುಂಬಿ. ಆವಿಯಾಗುವುದು ನೀರು, ಉಪ್ಪು ಉಳಿಯುತ್ತದೆ. ಮತ್ತೆ ಬೋರಿನ ನೀರೇ ಸುರಿದರೆ ಏಪ್ರಿಲ್ ಮುಗಿಯುವ ಹೊತ್ತಿಗೆ ತೊಟ್ಟಿ ಇನ್ನಷ್ಟು ಗಡಸಾಗುತ್ತದೆ.

ವಾರಕ್ಕೆ ಐದನೇ ಒಂದು ಭಾಗ ಬದಲಿಸಿದರೆ ಸುಮಾರು 125 ಲೀಟರ್. ಬಿಂದಿಗೆ ಲೆಕ್ಕದಲ್ಲಿ ಒಂಬತ್ತು. ಟ್ಯಾಂಕರ್ ನೀರು ಕೊಳ್ಳುವ ಬೀದಿಯಲ್ಲಿ ಇದು ಸಣ್ಣ ಮಾತಲ್ಲ. ಈ ಒಂಬತ್ತು ಬಿಂದಿಗೆ ನೆನೆದು ಕೆಲವರು ನಾಲ್ಕಡಿಗೆ ಇಳಿಯುತ್ತಾರೆ, ಅದು ಬುದ್ಧಿವಂತಿಕೆ. ತೆಗೆದ ನೀರು ಚರಂಡಿಗೆ ಹೋಗಬಾರದು. ಮೀನಿನ ಗೊಬ್ಬರ ಕರಗಿದ ನೀರು ಅದು. ನಮ್ಮ ಕರಿಬೇವಿನ ಗಿಡ ಈಗ ಕಾಂಪೌಂಡ್ ದಾಟಿದೆ.

ಶ್ರೀನಿವಾಸಪುರದ ತೋಟದ ಮನೆಯವರಿಗೆ ಬೇರೆಯದೇ ಎಚ್ಚರಿಕೆ. ಮಾವು ಹೂ ಬಿಡುವಾಗ ಜಿಗಿಹುಳಕ್ಕೆ ಹೊಡೆಯುವ ಔಷಧಿಗಳಲ್ಲಿ ಕೆಲವು ಮನುಷ್ಯರಿಗಿಂತ ಮೀನಿಗೆ ಬಹಳ ಹೆಚ್ಚು ಕ್ರೂರ. ಏರೇಟರ್ ಹೊರಗಿನ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಸಿಂಪಡಿಸುವ ದಿನ ಕಿಟಕಿ ಮುಚ್ಚಿ, ತೊಟ್ಟಿಯ ಮೇಲೆ ಹೊದಿಸಿ, ಔಷಧಿ ಕಲಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಮೀನಿನ ನೀರಿಗೆ ಬಳಸಬೇಡಿ. ಪುರಸಭೆಯವರು ಸೊಳ್ಳೆಗೆ ಹೊಗೆ ಬಿಡುವ ಸಂಜೆಯೂ ಹೀಗೇ.

ಸಕ್ಕರ್ ಮೀನು ಪಾಚಿ ತಿನ್ನುತ್ತದೆಂದು ಎರಡಿಂಚಿನದನ್ನು ತರುತ್ತಾರೆ, ಅದು ಒಂದೂವರೆ ಅಡಿ ಬೆಳೆದಾಗ ಕೆರೆಗೆ ಬಿಟ್ಟುಬರುತ್ತಾರೆ. 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ಎಷ್ಟೋ ಕೆರೆಗಳು ತುಂಬಿವೆ, ಮೀನು ಹಿಡಿಯುವವರಿಗೆ ಕೆಲಸ ಸಿಕ್ಕಿದೆ. ಸಕ್ಕರ್ ಅಲ್ಲಿ ಹೊಕ್ಕರೆ ಬಲೆ ಹರಿಯುತ್ತದೆ, ಮಾರಾಟಕ್ಕೂ ಬಾರದು. ಬೇಡವಾದದ್ದನ್ನು ಅಂಗಡಿಗೇ ವಾಪಸ್ ಕೊಡಿ.

ತುಂಬುವ ದಿನ

ಮೊದಲ ದಿನ ಮೂರನೇ ಒಂದು ಭಾಗ ತುಂಬಿ ಟ್ಯೂಬ್ ಲೆವೆಲ್ ಮತ್ತೆ ನೋಡಿ. ಗಾಜಿಗೆ ನೀರಿನ ಗೆರೆ ಎಲ್ಲಿದೆ ಎಂದು ಎರಡು ತುದಿಯಲ್ಲೂ ಸ್ಕೆಚ್‌ ಪೆನ್ನಿನಿಂದ ಗುರುತು ಮಾಡಿ. ಓರೆ ಕಂಡರೆ ಖಾಲಿ ಮಾಡಿ ಸರಿಪಡಿಸಬೇಕು, ನೀರಿರುವಾಗ ಬೆಣೆ ಹೊಡೆಯಲು ಹೋಗಬಾರದು. ಮಾರನೆಯ ದಿನ ಅರ್ಧ, ಅದರಾಚೆ ಪೂರ್ತಿ. ಮುಂದಿನ ಗಾಜಿನ ಮೇಲಂಚಿಗೆ ದಾರ ಎಳೆದು ಹಿಡಿದರೆ ನಡುವೆ ಎಷ್ಟು ಉಬ್ಬಿದೆ ಗೊತ್ತಾಗುತ್ತದೆ. ಕೂದಲೆಳೆಯಷ್ಟು ಉಬ್ಬುವುದು ಸಹಜ. ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಅಲ್ಲ. ಕೆಳಗೆ ಸುತ್ತಲೂ ಹಳೇ ಪೇಪರ್ ಹಾಸಿ ಎರಡು ರಾತ್ರಿ ಬಿಡಿ. ಒದ್ದೆಯಾದರೆ ಪೇಪರೇ ಜಾಗ ತೋರಿಸುತ್ತದೆ.

ಪೇಪರ್ ಒಣಗಿದ್ದರೂ ಮೀನಿಗೆ ಇನ್ನೂ ನಾಲ್ಕರಿಂದ ಆರು ವಾರ ಇದೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ತಿಂದು ಕರಗಿಸುವ ಬ್ಯಾಕ್ಟೀರಿಯ ಮರಳಿನಲ್ಲಿ, ಶೋಧಕದಲ್ಲಿ ಮನೆ ಮಾಡಬೇಕು. ಅಷ್ಟು ದಿನ ಪಂಪು ಓಡುತ್ತಿರಲಿ, ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ, ಪರೀಕ್ಷೆಯಲ್ಲಿ ಅಮೋನಿಯವೂ ಅದರಿಂದಾಗುವ ನೈಟ್ರೈಟೂ ಸೊನ್ನೆಗೆ ಬರುವವರೆಗೆ ಕಾಯಿರಿ. ಆ ಆರು ವಾರ ಮನೆಗೆ ಬಂದ ನೆಂಟರೆಲ್ಲ ಖಾಲಿ ನೀರನ್ನು ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ. ನನ್ನ ಪರವಾಗಿ ಅಮ್ಮನೇ ಉತ್ತರ ಕೊಡುತ್ತಿದ್ದಳು: "ಮೀನು ಆಮೇಲೆ ಬತ್ತವೆ. ಈಗ ಅದು ಸೋರ್ತದೋ ಇಲ್ವೋ ನೋಡ್ತಾವ್ನೆ."